ಆಸ್ಪತ್ರೆಗೆ ದುಡ್ಡು ಬರುವ ದಾರಿ, ವಾರ್ಡಿನಲ್ಲಿ ನಡೆಯುವ ಚಿಕಿತ್ಸೆ

ಜ್ವರಕ್ಕೆಂದು ಅಡ್ಮಿಟ್ ಆದ ರೋಗಿ ಬೆಳಿಗ್ಗೆ ಇಡ್ಲಿ ತಿಂದಿರುತ್ತಾರೆ, ಕೇಳಿದಾಗೆಲ್ಲ ನೀರು ಕುಡಿಯುತ್ತಿರುತ್ತಾರೆ. ಆದರೂ ಪ್ಯಾರಾಸಿಟಮಾಲ್ ಮಾತ್ರೆಯಾಗಿ ಬಾಯಿಗೆ ಹೋಗುವುದಿಲ್ಲ, 100 ಎಂ.ಎಲ್. ಬಾಟಲಿಯಿಂದ ಡ್ರಿಪ್ ಆಗಿ ಹೋಗುತ್ತದೆ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಕೂಡ ಇಂಜೆಕ್ಷನ್ನೇ. ಮಾತ್ರೆಯ ರೂಪದಲ್ಲೇ ಚೆನ್ನಾಗಿ ಕೆಲಸ ಮಾಡುವ ಆ್ಯಂಟಿಬಯೋಟಿಕ್ ಇದ್ದರೂ ಮೂರನೇ ದಿನವೂ ಕೈಯಲ್ಲಿ ಕ್ಯಾನುಲಾ (ಔಷಧ ಹೋಗಲು ರಕ್ತನಾಳಕ್ಕೆ ಚುಚ್ಚಿದ ಕೊಳವೆ) ಹಾಗೇ ಇರುತ್ತದೆ. ನೋಡಿದ ಮನೆಯವರು ಎರಡರಲ್ಲೊಂದು ತೀರ್ಮಾನಕ್ಕೆ ಬರುತ್ತಾರೆ: ಕಾಯಿಲೆ ಜೋರಾಗಿದೆ, ಇಲ್ಲವೇ ಡಾಕ್ಟರು ದುಡ್ಡು ಮಾಡುತ್ತಿದ್ದಾರೆ. ಬಹಳ ಸಲ ಎರಡೂ ನಿಜವಲ್ಲ. ಕಾರಣ ಇರುವುದು ಇನ್ಶೂರೆನ್ಸ್ ಪಾಲಿಸಿಯ ಷರತ್ತಿನಲ್ಲಿ.

ನಮ್ಮಲ್ಲಿನ ಸಾಮಾನ್ಯ ಆರೋಗ್ಯ ವಿಮೆ ಒಳರೋಗಿಯ ಖರ್ಚನ್ನು ಕೊಡಬೇಕಾದರೆ ಕನಿಷ್ಠ 24 ಗಂಟೆ ಅಡ್ಮಿಟ್ ಆಗಿರಬೇಕು. ಡೇ-ಕೇರ್ (ಒಂದೇ ದಿನದಲ್ಲಿ ಮುಗಿಯುವ) ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ವಿನಾಯಿತಿ. ಇನ್ನೊಂದು ಷರತ್ತೂ ಇದೆ. ಬರೀ ಪರೀಕ್ಷೆ ಮಾಡಿಸಲು, ನಿಗಾ ಇಡಲು ಅಡ್ಮಿಟ್ ಆದರೆ ಕ್ಲೇಮ್ ಇಲ್ಲ. ಪಾಲಿಸಿ ಪುಸ್ತಕದಲ್ಲಿ ಇದು ‘ಎಕ್ಸ್‌ಕ್ಲೂಷನ್ 04’ ಎಂದೇ ಇರುತ್ತದೆ, ಎಲ್ಲ ಕಂಪನಿಗಳಿಗೂ ಒಂದೇ ಸಂಖ್ಯೆ. ಕ್ಯಾಶ್‌ಲೆಸ್ (ವಿಮಾ ಕಂಪನಿಯೇ ಆಸ್ಪತ್ರೆಗೆ ನೇರ ಹಣ ಕಟ್ಟುವ) ಅರ್ಜಿಯನ್ನು ನೋಡುವ ಟಿಪಿಎ, ಅಂದರೆ ಕಂಪನಿಯ ಪರವಾಗಿ ಕ್ಲೇಮ್ ಪರಿಶೀಲಿಸುವ ಸಂಸ್ಥೆಯ ವೈದ್ಯರು ಕೇಸ್‌ಶೀಟ್‌ನಲ್ಲಿ ಮೊದಲು ಹುಡುಕುವುದು ಇದನ್ನೇ: ಇದು ಒಪಿಡಿಯಲ್ಲಿ (ಹೊರರೋಗಿ ವಿಭಾಗದಲ್ಲಿ) ಮುಗಿಯುವ ಕೇಸೋ, ಅಡ್ಮಿಶನ್ ಬೇಕಿತ್ತೋ? ಚಾರ್ಟಿನಲ್ಲಿ ಬರೀ ಮಾತ್ರೆಗಳಿದ್ದರೆ ‘ಸಕ್ರಿಯ ಚಿಕಿತ್ಸೆ ಇಲ್ಲ’ ಎಂದು ಕ್ಲೇಮ್ ತಿರಸ್ಕೃತವಾಗುವ ಸಂಭವ ಹೆಚ್ಚು. ಡ್ರಿಪ್, ಇಂಜೆಕ್ಷನ್ ಇದ್ದರೆ ಅಡ್ಮಿಶನ್‌ಗೆ ಸಮರ್ಥನೆ ಸಿಕ್ಕಂತೆ. ಎರಡು ಮೂರು ಕ್ಲೇಮ್ ಹೀಗೆ ವಾಪಸ್ ಬಂದ ಮೇಲೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನವರು ಡ್ಯೂಟಿ ಡಾಕ್ಟರಿಗೆ ಒಂದು ಮಾತು ಹೇಳಿಡುತ್ತಾರೆ. ಅಲ್ಲಿಂದ ಅದು ವಾರ್ಡಿನ ಅಭ್ಯಾಸವಾಗುತ್ತದೆ. ಕ್ಯಾಶ್‌ಲೆಸ್ ಇಲ್ಲದ ರೋಗಿಗೂ ಅದೇ ಅಭ್ಯಾಸ ಮುಂದುವರಿಯುತ್ತದೆ.

ಇದಕ್ಕೆ ಬೆಲೆ ತೆರುವುದು ರೋಗಿಯ ಮೈ. ಕ್ಯಾನುಲಾ ಒಂದೇ ಕಡೆ ಮೂರು ನಾಲ್ಕು ದಿನ ಉಳಿದರೆ ರಕ್ತನಾಳ ಊದಿಕೊಂಡು ಕೆಂಪಾಗುತ್ತದೆ, ಸೋಂಕು ಒಳಗೆ ಹೋಗುವ ದಾರಿಯೂ ಆಗುತ್ತದೆ. ಲಿವೊಫ್ಲಾಕ್ಸಾಸಿನ್, ಮೆಟ್ರೋನಿಡಜೋಲ್, ಡಾಕ್ಸಿಸೈಕ್ಲಿನ್, ಲೈನಿಜೋಲಿಡ್ ಮುಂತಾದವು ಬಾಯಿಂದ ಕೊಟ್ಟರೂ ರಕ್ತದಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಸಿಗುತ್ತವೆ. ಜ್ವರ ಇಳಿದು, ಬಿಪಿ ಸರಿಯಿದ್ದು, ವಾಂತಿ ಇಲ್ಲದೆ ಊಟ ಸೇರುತ್ತಿದ್ದರೆ ಮಾತ್ರೆಗೆ ಬದಲಾಯಿಸಬಹುದು. ‘ಇವತ್ತು ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಡಬಹುದಾ ಡಾಕ್ಟ್ರೇ?’ ಎಂದು ರೌಂಡ್ಸ್ ಸಮಯದಲ್ಲಿ ಮನೆಯವರು ಕೇಳುವುದರಲ್ಲಿ ತಪ್ಪೇನಿಲ್ಲ. ಸೆಫ್ಟ್ರಿಯಾಕ್ಸೋನ್‌ನಂಥ ಕೆಲವಕ್ಕೆ ಮಾತ್ರೆಯ ರೂಪವಿಲ್ಲ, ಆಗ ಬೇರೆ ಔಷಧಕ್ಕೆ ಹೋಗಬೇಕಾಗುತ್ತದೆ. ಅದನ್ನು ಡಾಕ್ಟರೇ ಹೇಳುತ್ತಾರೆ.

ಆಸ್ಪತ್ರೆಗೆ ಹಣ ಯಾವುದರ ಲೆಕ್ಕದಲ್ಲಿ ಬರುತ್ತದೋ ಅದು ಬೆಳೆಯುತ್ತದೆ, ಲೆಕ್ಕಕ್ಕೆ ಬಾರದ್ದು ಸೊರಗುತ್ತದೆ. ಪ್ರತಿ ಐಟಂಗೆ ಬಿಲ್ ಆದರೆ ಪರೀಕ್ಷೆ, ವಿಸಿಟ್, ಇಂಜೆಕ್ಷನ್ ಹೆಚ್ಚುತ್ತವೆ. ದಿನದ ಲೆಕ್ಕವಾದರೆ ದಿನಗಳು ಹೆಚ್ಚುತ್ತವೆ. ಇಡೀ ಕೇಸಿಗೆ ಇಷ್ಟೆಂದು ಪ್ಯಾಕೇಜ್ ಕೊಟ್ಟರೆ ದಿನಗಳು ಕಡಿಮೆಯಾಗಿ ಕೇಸುಗಳು ಹೆಚ್ಚುತ್ತವೆ, ಜತೆಗೆ ಹಗುರ (ಕಡಿಮೆ ತೊಂದರೆಯ) ರೋಗಿಗಳ ಮೇಲೆ ಕಣ್ಣು ಬೀಳುತ್ತದೆ. ವರ್ಷಕ್ಕೆ ಇಷ್ಟೆಂದು ಬಜೆಟ್ ಕೊಟ್ಟರೆ ಕ್ಯೂ ಬೆಳೆಯುತ್ತದೆ. ಇದರಲ್ಲಿ ವೈದ್ಯರ ಒಳ್ಳೆಯತನ, ಕೆಟ್ಟತನದ ಪ್ರಶ್ನೆ ಬರುವುದು ಆಮೇಲೆ. ತೀರ್ಮಾನ ಎತ್ತ ಬೇಕಾದರೂ ಹೋಗಬಹುದಾದ ಕೇಸುಗಳು ದಿನವೂ ಬರುತ್ತವೆ, ಅವು ಎತ್ತ ವಾಲುತ್ತವೆ ಎಂಬುದನ್ನು ಹಣದ ಲೆಕ್ಕ ತೀರ್ಮಾನಿಸುತ್ತದೆ.

ಐಟಂ ಬಿಲ್ಲಿಂಗ್‌ನಲ್ಲಿ ಜನರಿಗೆ ಅರ್ಥವಾಗದ ಒಂದು ಭಾಗ ರೂಮು. ಅದೇ ಆಪರೇಷನ್, ಅದೇ ಸರ್ಜನ್, ಅದೇ ಥಿಯೇಟರ್. ಆದರೂ ಜನರಲ್ ವಾರ್ಡಿಗೆ ಒಂದು ದರ, ಪ್ರೈವೇಟ್ ರೂಮಿಗೆ ಇನ್ನೊಂದು. ಸರ್ಜನ್ ಫೀಸು, ಓಟಿ ಚಾರ್ಜು, ವಿಸಿಟ್ ಚಾರ್ಜು ಎಲ್ಲವೂ ರೂಮಿನ ಜತೆಗೇ ಏರುತ್ತವೆ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದರೆ ಏನಾಗುತ್ತದೆ ನೋಡಿ. ವಿಮೆ 3 ಲಕ್ಷ, ಮಿತಿ ಶೇ 1, ಅಂದರೆ ದಿನಕ್ಕೆ 3,000 ರೂ. ನೀವು ತೆಗೆದುಕೊಂಡ ರೂಮು 6,000 ರೂಪಾಯಿಯದು. ನಾಲ್ಕು ದಿನಕ್ಕೆ ರೂಮು 24,000. ಸರ್ಜನ್, ಓಟಿ, ನರ್ಸಿಂಗ್ ಸೇರಿ 80,000. ಔಷಧ ಮತ್ತು ಇಂಪ್ಲಾಂಟ್ (ದೇಹದೊಳಗೆ ಕೂರಿಸುವ ಸಾಧನ) 40,000. ಒಟ್ಟು 1,44,000. ಕಂಪನಿ ರೂಮಿಗೆ 12,000 ಕೊಡುತ್ತದೆ. 80,000ಕ್ಕೂ ಅದೇ ಅನುಪಾತ ಹಚ್ಚಿ 40,000 ಕೊಡುತ್ತದೆ. ಔಷಧ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗಳಿಗೆ ಈ ಕಡಿತ ಹಚ್ಚುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2020ರಲ್ಲಿ ಹೇಳಿದ್ದರಿಂದ ಆ 40,000 ಪೂರ್ತಿ ಬರುತ್ತದೆ. ನಿಮ್ಮ ಕೈಯಿಂದ 52,000. ಜನ ‘ರೂಮಿಗೆ ದಿನಕ್ಕೆ ಮೂರು ಸಾವಿರ ಜಾಸ್ತಿ, ಹನ್ನೆರಡು ಸಾವಿರ ತಾನೇ’ ಎಂದುಕೊಂಡಿರುತ್ತಾರೆ. ಅಡ್ಮಿಶನ್ ಕೌಂಟರಿನಲ್ಲಿ ರೂಮು ಆರಿಸುವ ಮೊದಲು ಪಾಲಿಸಿಯ ಈ ಒಂದು ಸಾಲನ್ನು ನೋಡಿಕೊಳ್ಳಿ. ಐಸಿಯು ಚಾರ್ಜಿಗೆ ಈ ಅನುಪಾತದ ಕಡಿತ ಇಲ್ಲ, ಆದರೆ ಐಸಿಯುಗೆ ಬೇರೆಯೇ ಮಿತಿ ಇರಬಹುದು.

ಈಗ ದಿನದ ಲೆಕ್ಕಕ್ಕೆ ಬರೋಣ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಪರೇಷನ್‌ಗಳಿಗೆ ಪ್ಯಾಕೇಜ್, ಔಷಧದಲ್ಲಿ ವಾಸಿಯಾಗುವ ಕಾಯಿಲೆಗಳಿಗೆ ದಿನದ ದರ. 2018ರ ರಾಷ್ಟ್ರೀಯ ಪಟ್ಟಿಯಲ್ಲಿ ವಾರ್ಡಿಗೆ ದಿನಕ್ಕೆ 1,800 ರೂ., ಎಚ್‌ಡಿಯುಗೆ (ವಾರ್ಡಿಗಿಂತ ಹೆಚ್ಚು, ಐಸಿಯುಗಿಂತ ಕಡಿಮೆ ನಿಗಾ ಇರುವ ಘಟಕ) 2,700, ವೆಂಟಿಲೇಟರ್ ಇಲ್ಲದ ಐಸಿಯುಗೆ 3,600, ವೆಂಟಿಲೇಟರ್ ಇದ್ದರೆ 4,500. ಪ್ರತಿ ಮೆಟ್ಟಿಲಿಗೂ 900 ರೂಪಾಯಿ ಮಾತ್ರ ಅಂತರ. ವೆಂಟಿಲೇಟರ್‌ನಲ್ಲಿರುವ ರೋಗಿಯ ಮೇಲೆ ದಿನಕ್ಕೆ ಎಷ್ಟು ಖರ್ಚಾಗುತ್ತದೆಂದು ಗೊತ್ತಿರುವ ಯಾರಿಗಾದರೂ ಈ ದರ ಸಾಲದು ಎನ್ನುವುದು ಗೊತ್ತು. ಹೀಗಾದಾಗ ಆಸ್ಪತ್ರೆ ‘ಬೆಡ್ ಖಾಲಿ ಇಲ್ಲ’ ಎನ್ನುತ್ತದೆ, ಆಂಬುಲೆನ್ಸ್ ಸರ್ಕಾರಿ ದೊಡ್ಡಾಸ್ಪತ್ರೆಯ ಕಡೆ ತಿರುಗುತ್ತದೆ. 2021ರ ಪರಿಷ್ಕೃತ ಪಟ್ಟಿ ಇದನ್ನು ಸರಿಪಡಿಸಿತು: ವಾರ್ಡ್ 2,100, ಎಚ್‌ಡಿಯು 3,300, ಐಸಿಯು 8,500, ವೆಂಟಿಲೇಟರ್ ಸಹಿತ ಐಸಿಯು 9,000. ದರ ಏರಿದ್ದು ಸರಿಯಾದ ಕೆಲಸ, ತುರ್ತಾಗಿ ಬೇಕಾಗಿತ್ತು. ಆದರೆ ಅಂತರಗಳನ್ನು ಗಮನಿಸಿ. ಎಚ್‌ಡಿಯುನಿಂದ ಐಸಿಯುಗೆ ಒಂದೇ ನೆಗೆತಕ್ಕೆ 5,200 ರೂ. ಐಸಿಯುನಿಂದ ವೆಂಟಿಲೇಟರಿಗೆ ಬರೀ 500.

ಇದರ ಪರಿಣಾಮ ಊಹಿಸಲು ಕಷ್ಟವಿಲ್ಲ. ಆಮ್ಲಜನಕ ಎರಡು ಲೀಟರ್ ಸಾಕಾಗುತ್ತಿದೆ, ಬಿಪಿ ಏರಿಸುವ ಔಷಧ ನಿಂತಿದೆ, ರೋಗಿ ಮಾತಾಡುತ್ತಿದ್ದಾರೆ. ಇವರನ್ನು ಎಚ್‌ಡಿಯುಗೆ ಇವತ್ತು ಸಂಜೆಯೇ ಕಳಿಸಬಹುದು, ನಾಳೆ ಬೆಳಿಗ್ಗೆ ರೌಂಡ್ಸ್ ನಂತರವೂ ಕಳಿಸಬಹುದು. ವೈದ್ಯಕೀಯವಾಗಿ ಎರಡಕ್ಕೂ ಆಕ್ಷೇಪವಿಲ್ಲ, ಆದರೆ ಒಂದು ರಾತ್ರಿಗೆ ಐದು ಸಾವಿರಕ್ಕೂ ಮಿಗಿಲು ವ್ಯತ್ಯಾಸವಿದೆ. ಇನ್ನೊಂದು ತುದಿಯಲ್ಲಿ ನಿಜವಾಗಿ ವೆಂಟಿಲೇಟರ್ ಬೇಕಾದ ರೋಗಿಯನ್ನು ಸೇರಿಸಿಕೊಳ್ಳಲು ಹೆಚ್ಚುವರಿ ಕಾರಣವೇ ಇಲ್ಲ. ಐಸಿಯು ಒಳಗೆ ಹಗುರ ರೋಗಿಗಳು, ಹೊರಗೆ ಆಂಬುಲೆನ್ಸ್‌ನಲ್ಲಿ ಭಾರದ ರೋಗಿ. ನನ್ನ ಮಟ್ಟಿಗೆ ದರದ ಮೊತ್ತಕ್ಕಿಂತ ಮುಖ್ಯವಾದದ್ದು ಎರಡು ದರಗಳ ನಡುವಿನ ಅಂತರ, ಚರ್ಚೆ ಮಾತ್ರ ಯಾವಾಗಲೂ ಮೊತ್ತದ ಮೇಲೇ ನಡೆಯುತ್ತದೆ. ರಾಜ್ಯಗಳು ಈ ಪಟ್ಟಿಯನ್ನು ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು, ಹಾಗಾಗಿ ಅಂತರ ಸರಿಪಡಿಸಲು ದೆಹಲಿಯನ್ನೇ ಕಾಯಬೇಕಿಲ್ಲ.

ಪ್ಯಾಕೇಜಿನ ಕತೆ ಬೇರೆ. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಎಂದುಕೊಳ್ಳಿ. ನಿಗದಿಯಾದ ಮೊತ್ತದೊಳಗೆ ಅಡ್ಮಿಶನ್‌ಗೆ ಮುಂಚಿನ ಮೂರು ದಿನದ ಪರೀಕ್ಷೆಗಳು, ಆಪರೇಷನ್, ಬೆಡ್, ಊಟ, ಡಿಸ್ಚಾರ್ಜ್ ಆದ ಮೇಲೆ 15 ದಿನದ ಔಷಧ ಎಲ್ಲ ಬರಬೇಕು. ನಾಲ್ಕು ದಿನ ಇಟ್ಟುಕೊಂಡರೂ ಅದೇ ಹಣ, ಎರಡೇ ದಿನಕ್ಕೆ ಕಳಿಸಿದರೂ ಅದೇ ಹಣ. ಅನವಶ್ಯಕ ಸ್ಕ್ಯಾನ್, ಅನವಶ್ಯಕ ಇಂಜೆಕ್ಷನ್ ನಿಂತುಹೋಗುತ್ತವೆ. ಇದು ಪ್ಯಾಕೇಜಿನ ದೊಡ್ಡ ಲಾಭ. ನಷ್ಟ ಎಲ್ಲಿ ಬರುತ್ತದೆ? ಮೊದಲನೆಯದು, ಕಣ್ಣಿಗೆ ಕಾಣದ ಭಾಗಗಳಲ್ಲಿ. ಹದಿನೈದು ದಿನದ ಔಷಧವನ್ನು ಕೈಗೆ ಕೊಡದೆ ಚೀಟಿ ಬರೆದು ಕಳಿಸುವುದು, ಪ್ರೀ-ಆಥ್ (ಚಿಕಿತ್ಸೆಗೆ ಮುಂಚಿನ ಅನುಮತಿ) ಬರುವ ತನಕದ ಪರೀಕ್ಷೆಗಳನ್ನು ಹೊರಗೆ ಮಾಡಿಸಿಕೊಂಡು ಬನ್ನಿ ಎನ್ನುವುದು. ಇವೆರಡೂ ಯೋಜನೆಯ ನಿಯಮಕ್ಕೆ ವಿರುದ್ಧ. ಹೀಗಾದರೆ ಆಸ್ಪತ್ರೆಯಲ್ಲೇ ಇರುವ ಆರೋಗ್ಯ ಮಿತ್ರರಿಗೆ (ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ಹೇಳಿ, ಕೇಳದಿದ್ದರೆ 14555ಕ್ಕೆ ಫೋನ್ ಮಾಡಿ ದೂರು ಸಂಖ್ಯೆ ತೆಗೆದುಕೊಳ್ಳಿ. ಹೊರಗೆ ಕಟ್ಟಿದ ಹಣದ ರಸೀದಿ ಇಟ್ಟುಕೊಂಡಿದ್ದರೆ ದೂರಿಗೆ ಬಲ ಬರುತ್ತದೆ.

ಎರಡನೆಯದು, ಕೇಸನ್ನು ಒಡೆಯುವುದು. ಒಂದೇ ಸಲಕ್ಕೆ ಎರಡು ಮೂರು ಆಪರೇಷನ್ ಮಾಡಿದರೆ ಮೊದಲನೆಯದಕ್ಕೆ ಶೇ 100, ಎರಡನೆಯದಕ್ಕೆ ಶೇ 50, ಮೂರನೆಯದಕ್ಕೆ ಶೇ 25 ಸಿಗುತ್ತದೆ. ಅರಿವಳಿಕೆ, ಥಿಯೇಟರ್, ಬೆಡ್ ಒಂದೇ ಆದ್ದರಿಂದ ಈ ನಿಯಮಕ್ಕೆ ಅರ್ಥವಿದೆ. ಆದರೆ ಪಿತ್ತಕೋಶದ ಜತೆ ಪಿತ್ತನಾಳದಲ್ಲೂ ಕಲ್ಲು ಇರುವ ರೋಗಿಯನ್ನು ಈಗ ನಾಳಕ್ಕೆಂದು ಒಮ್ಮೆ, ತಿಂಗಳು ಬಿಟ್ಟು ಕೋಶಕ್ಕೆಂದು ಇನ್ನೊಮ್ಮೆ ಕರೆಸಿದರೆ ಎರಡಕ್ಕೂ ಪೂರ್ತಿ ಹಣ. ನಡುವಿನ ತಿಂಗಳಲ್ಲಿ ಮತ್ತೊಂದು ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯ ರೋಗಿಯದು. ಸಾಧ್ಯವಿದ್ದಾಗ ಒಂದೇ ಅಡ್ಮಿಶನ್‌ನಲ್ಲಿ ಎರಡನ್ನೂ ಮುಗಿಸುವುದು ಒಳ್ಳೆಯದೆಂದು ಸರ್ಜನ್‌ಗಳಿಗೆಲ್ಲ ಗೊತ್ತಿದೆ.

ಮೂರನೆಯದು ಆಯ್ಕೆ. ಪ್ಯಾಕೇಜಿಗೆ ರೋಗಿಯ ಭಾರ, ಅಂದರೆ ಸ್ಥಿತಿ ಎಷ್ಟು ಗಂಭೀರ ಎನ್ನುವುದು, ಗೊತ್ತಿಲ್ಲ. 35 ವರ್ಷದ ಆರೋಗ್ಯವಂತರ ಹರ್ನಿಯಾಕ್ಕೂ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಬಲ ಕುಂದಿದ ಹೃದಯ ಇರುವ 70 ವರ್ಷದವರ ಹರ್ನಿಯಾಕ್ಕೂ ಒಂದೇ ಮೊತ್ತ. ಎರಡನೆಯವರಿಗೆ ಐಸಿಯು ಬೇಕಾಗಬಹುದು, ಎಂಟು ದಿನ ಇರಬೇಕಾಗಬಹುದು. ‘ಇಲ್ಲಿ ಸೌಲಭ್ಯ ಇಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎಂಬ ಮಾತು ಹುಟ್ಟುವುದು ಇಲ್ಲಿ. ಸರ್ಕಾರಿ ಬೋಧನಾ ಆಸ್ಪತ್ರೆಗಳ ವಾರ್ಡಿನಲ್ಲಿ ಸಾವಿನ ಪ್ರಮಾಣ ಹೆಚ್ಚು ಎಂದು ಹೋಲಿಕೆ ಮಾಡುವವರು ಅಲ್ಲಿಗೆ ಯಾರು ಬಂದು ಸೇರುತ್ತಾರೆ ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪ್ಯಾಕೇಜ್ ಪದ್ಧತಿ ಮಾಡಿದ ಅತಿ ಘೋರ ಅನ್ಯಾಯವೆಂದರೆ ಗರ್ಭಕೋಶದ ಆಪರೇಷನ್‌ಗಳು. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಸ್ಮಾರ್ಟ್ ಕಾರ್ಡಿನಲ್ಲಿ ಕುಟುಂಬಕ್ಕೆ ವರ್ಷಕ್ಕೆ 30,000 ರೂ. ಇತ್ತು. ಸಣ್ಣ ನರ್ಸಿಂಗ್ ಹೋಮಿನ ದೃಷ್ಟಿಯಿಂದ ನೋಡಿ: ಇಂಪ್ಲಾಂಟ್ ಬೇಡ, ಸಮಯ ಮೊದಲೇ ಗೊತ್ತು, ದರ ನಿಗದಿ, ಬೇಕಿತ್ತೆಂದು ತೋರಿಸಲು ಒಂದು ಸ್ಕ್ಯಾನ್ ರಿಪೋರ್ಟ್ ಸಾಕು. ಬಿಳಿಸೆರಗು, ಕಿಬ್ಬೊಟ್ಟೆ ನೋವು ಎಂದು ಬಂದ ಚಿಕ್ಕ ವಯಸ್ಸಿನ ಹೆಂಗಸರಿಗೆ ‘ಮುಂದೆ ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ ಗರ್ಭಕೋಶ ತೆಗೆದ ಪ್ರಕರಣಗಳು ಛತ್ತೀಸ್‌ಗಢ, ಬಿಹಾರಗಳಿಂದ 2012ರ ಸುಮಾರಿಗೆ ಹೊರಬಂದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, 2023ರ ಏಪ್ರಿಲ್‌ನಲ್ಲಿ ಕೋರ್ಟು ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದಿತು. ಅಂಡಾಶಯವನ್ನೂ ತೆಗೆದಿದ್ದರೆ ಮೂವತ್ತರ ಹರೆಯದಲ್ಲೇ ಋತುಬಂಧದ ಸ್ಥಿತಿ ಬಂದು, ಮೂಳೆ ಸವೆದು, ಆ ಹೆಂಗಸು ಉಳಿದ ಆಯುಷ್ಯವೆಲ್ಲ ಅದನ್ನು ಅನುಭವಿಸಬೇಕು. ಔಷಧದ ಒಂದು ಕೋರ್ಸ್ ಕೊಟ್ಟಿದ್ದರೆ ಆಗುತ್ತಿತ್ತು, ಆದರೆ ಹೊರರೋಗಿಯ ಔಷಧಕ್ಕೆ ಆ ಕಾರ್ಡಿನಲ್ಲಿ ಹಣವಿರಲಿಲ್ಲ.

ನಮ್ಮ ರಾಜ್ಯದ ಯಶಸ್ವಿನಿಯಲ್ಲೂ ಇದೇ ಬಗೆಯ ವಾಲುವಿಕೆ ಇತ್ತು. 2003ರಲ್ಲಿ ಸಹಕಾರಿ ಸಂಘದ ರೈತರಿಗೆಂದು ಶುರುವಾದ ಯೋಜನೆ, ಲಕ್ಷಾಂತರ ಕುಟುಂಬಗಳಿಗೆ ಆಪರೇಷನ್ ಮಾಡಿಸಿಕೊಳ್ಳುವ ಧೈರ್ಯ ಕೊಟ್ಟಿತು. ಆದರೆ ಅದರ ಪಟ್ಟಿ ಮುಖ್ಯವಾಗಿ ಆಪರೇಷನ್‌ಗಳದ್ದು. ಹಾವು ಕಡಿತ, ನಾಯಿ ಕಡಿತದಂಥ ಕೆಲವನ್ನು ಬಿಟ್ಟರೆ, ನ್ಯುಮೋನಿಯಾ ಆಗಿ ಹತ್ತು ದಿನ ಮಲಗುವ ರೈತನಿಗೆ ಅದರಲ್ಲಿ ಜಾಗವಿರಲಿಲ್ಲ. 2010ರಲ್ಲಿ ಗುಲ್ಬರ್ಗಾ ವಿಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯಲ್ಲಿ ಹೃದಯ, ಕ್ಯಾನ್ಸರ್, ನರರೋಗದಂಥ ದೊಡ್ಡ ಕಾಯಿಲೆಗಳಿಗೆ ಮಾತ್ರ ಹಣ. ಅಲ್ಲಿ ಹಣದ ಸೆಳೆತ ಒಳ್ಳೆಯ ಕೆಲಸವನ್ನೂ ಮಾಡಿತು. ಕೇಸ್ ಬಂದರೆ ಮಾತ್ರ ಹಣ ಬರುವುದರಿಂದ ಆಸ್ಪತ್ರೆಗಳು ಹಳ್ಳಿಗಳಿಗೇ ಹೋಗಿ ಶಿಬಿರ ನಡೆಸಿದವು, ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ನುಂಗಿಕೊಂಡಿದ್ದವರು ಆಪರೇಷನ್ ಟೇಬಲ್ ತಲುಪಿದರು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2014ರಲ್ಲಿ ಬಂದ ಅಧ್ಯಯನದಲ್ಲಿ, ಆ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಸ್ಪಷ್ಟವಾಗಿ ಕಡಿಮೆ ಇತ್ತು.

2018ರಲ್ಲಿ ಇವೆಲ್ಲ ಸೇರಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕವಾದಾಗ ರಾಜ್ಯ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿತು. 1,650 ಚಿಕಿತ್ಸೆಗಳನ್ನು ಭಾಗ ಮಾಡಿ, ಸರಳ ದ್ವಿತೀಯ ಹಂತದವನ್ನು (ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ಆಗುವಂಥವು) ಸರ್ಕಾರಿ ಆಸ್ಪತ್ರೆಗೆ ಮೀಸಲಿಟ್ಟಿತು. ಸಂಕೀರ್ಣವಾದವಕ್ಕೆ ಮತ್ತು ತೃತೀಯ ಹಂತದವಕ್ಕೆ (ದೊಡ್ಡ ತಜ್ಞ ಆಸ್ಪತ್ರೆಯವು) ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇದ್ದರೆ ಮಾತ್ರ ಖಾಸಗಿಗೆ ಹೋಗಬಹುದಿತ್ತು. 169 ತುರ್ತು ಚಿಕಿತ್ಸೆಗಳಿಗೆ ರೆಫರಲ್ ಬೇಕಿರಲಿಲ್ಲ. ಸುಲಭ, ಲಾಭದ ಕೇಸುಗಳನ್ನು ಖಾಸಗಿಯವರು ಸೆಳೆಯುವುದಕ್ಕೆ ಇದು ತಡೆ. ಆದರೆ ಎಲ್ಲಿ ಬೇಲಿ ಹಾಕುತ್ತೀರೋ ಅಲ್ಲಿ ಒತ್ತಡ ಶುರುವಾಗುತ್ತದೆ. ರೆಫರಲ್ ಸಿಗದ ರೋಗಿಯ ಕಾಯಿಲೆ ತುರ್ತಿನ ಪಟ್ಟಿಗೆ ಸ್ವಲ್ಪ ಹತ್ತಿರವಿದ್ದರೂ ಅದರ ಹೆಸರು ಅತ್ತ ಜಾರುತ್ತದೆ. ಇನ್ನೊಂದು ಕಡೆ ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರೇ ಇಲ್ಲದಿದ್ದರೆ ಮೀಸಲಿಟ್ಟ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಮೀಸಲಾತಿಯ ಜತೆ ಆ ಹುದ್ದೆಯನ್ನೂ ತುಂಬದಿದ್ದರೆ ಬಡವರನ್ನು ಕ್ಯೂನಲ್ಲಿ ನಿಲ್ಲಿಸಿದಂತಾಯಿತು ಅಷ್ಟೇ.

ಹೆರಿಗೆಯ ವಿಷಯಕ್ಕೆ ಅಂಕಿಯೇ ಸಾಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4. ಕರ್ನಾಟಕದಲ್ಲಿ ಎಲ್ಲ ಸೇರಿ ಶೇ 31.5. ತೆಲಂಗಾಣದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 81.5. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆಗೂ ಮೀರಿ ನಡೆಯಬಹುದು, ರಾತ್ರಿಯೆಲ್ಲ ಯಾರಾದರೂ ಪಕ್ಕದಲ್ಲಿರಬೇಕು, ಕೊನೆಗೆ ಬಿಲ್ಲು ಕಡಿಮೆ. ಸಿಸೇರಿಯನ್ ಒಂದು ಗಂಟೆಯೊಳಗೆ ಮುಗಿಯುತ್ತದೆ, ಹೊರಗಿನಿಂದ ಬರುವ ಅರಿವಳಿಕೆ ತಜ್ಞರಿಗೆ ಸಮಯ ಹೇಳಿಡಬಹುದು, ಬಿಲ್ಲು ಹೆಚ್ಚು, ವಿಮೆಯ ಹೆರಿಗೆ ಮಿತಿಯೂ ಸಾಮಾನ್ಯವಾಗಿ ಅದಕ್ಕೇ ಹೆಚ್ಚು. ಎರಡಕ್ಕೂ ಒಂದೇ ಮೊತ್ತ ಕೊಡುವುದು, ಸೂಲಗಿತ್ತಿಯ ಕೆಲಸದಲ್ಲಿ ತರಬೇತಾದ ನರ್ಸ್‌ಗಳ ರಾತ್ರಿ ಪಾಳಿಗೆ ಪ್ರತ್ಯೇಕ ಹಣ ಕೊಡುವುದು: ಇವೆರಡು ಬಂದರೆ ಅಂಕಿ ಇಳಿಯುತ್ತದೆಂದು ನನಗನಿಸುತ್ತದೆ. ಬರೀ ಉಪದೇಶದಿಂದ ಇಳಿಯುವುದಿಲ್ಲ.

ಬೇರೆ ದೇಶಗಳು ಪ್ಯಾಕೇಜಿನ ಈ ಕುರುಡುತನಕ್ಕೆ ಹುಡುಕಿದ ಉತ್ತರ ಡಿಆರ್‌ಜಿ (ಡಯಾಗ್ನಾಸಿಸ್ ರಿಲೇಟೆಡ್ ಗ್ರೂಪ್). ಕಾಯಿಲೆ, ಆಪರೇಷನ್, ವಯಸ್ಸು, ಜತೆಗಿರುವ ಇತರ ಕಾಯಿಲೆಗಳನ್ನು ನೋಡಿ ರೋಗಿಯನ್ನು ಒಂದು ಗುಂಪಿಗೆ ಸೇರಿಸಿ, ಗುಂಪಿಗೆ ತಕ್ಕ ಹಣ ಕೊಡುವ ಪದ್ಧತಿ. ಯೇಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದನ್ನು ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ವಿಮೆ ಮೆಡಿಕೇರ್ 1983ರ ಅಕ್ಟೋಬರ್‌ನಿಂದ 467 ಗುಂಪುಗಳೊಂದಿಗೆ ಜಾರಿಗೆ ತಂದಿತು. ಸುಮಾರು ಹತ್ತು ದಿನವಿದ್ದ ಸರಾಸರಿ ವಾಸ್ತವ್ಯ ಕೆಲವೇ ವರ್ಷದಲ್ಲಿ ಒಂದು ದಿನಕ್ಕೂ ಹೆಚ್ಚು ಇಳಿಯಿತು. ಅಲ್ಲಿನ ರ‍್ಯಾಂಡ್ ಸಂಶೋಧನಾ ಸಂಸ್ಥೆಯ ಅಧ್ಯಯನದಲ್ಲಿ ಸಾವು ಹೆಚ್ಚಾದದ್ದು ಕಾಣಲಿಲ್ಲ, ಆದರೆ ಮನೆಗೆ ಹೋದವರಲ್ಲಿ ಇನ್ನೂ ಸ್ಥಿರವಾಗದ ಸ್ಥಿತಿಯಲ್ಲಿದ್ದವರು ಶೇ 10ರಿಂದ 15ಕ್ಕೆ ಏರಿದ್ದರು. ಜರ್ಮನಿಯಲ್ಲಿ ಡಿಆರ್‌ಜಿ ಬಂದ ಮೇಲೆ ಇನ್ನೂ ಸೂಕ್ಷ್ಮವಾದದ್ದೊಂದು ನಡೆಯಿತು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ತೂಕಕ್ಕೆ ತಕ್ಕಂತೆ ಗುಂಪು ಬದಲಾಗುತ್ತದೆ. ತೂಕ 1,500 ಗ್ರಾಂಗಿಂತ ತುಸು ಕಡಿಮೆಯೆಂದು ದಾಖಲಾದರೆ ಸಿಗುವ ಹಣ ಬಹಳ ಹೆಚ್ಚು. ದಾಖಲೆಗಳನ್ನು ತೆಗೆದು ನೋಡಿದ ಸಂಶೋಧಕರಿಗೆ ಗಡಿಗಿಂತ ಸ್ವಲ್ಪ ಕೆಳಗೆ ಶಿಶುಗಳ ಗುಂಪೇ ಕಂಡಿತು, ಗಡಿಗಿಂತ ಸ್ವಲ್ಪ ಮೇಲೆ ಕೊರತೆ. ತಕ್ಕಡಿಯನ್ನು ಓದುವ ಕೈ ಕೂಡ ಹಣದ ಕಡೆ ವಾಲಿತ್ತು.

ಜಪಾನ್ 2003ರಲ್ಲಿ ಹಿಡಿದ ದಾರಿ ನನಗೆ ಇಷ್ಟವಾದದ್ದು. ಅಲ್ಲಿ ಗುಂಪಿಗೆ ತಕ್ಕ ದಿನದ ದರವೇ ಇದೆ, ಆದರೆ ಮೊದಲ ದಿನಗಳಿಗೆ ಹೆಚ್ಚು, ಆಮೇಲೆ ಕಡಿಮೆ, ಸರಾಸರಿ ದಾಟಿದ ಮೇಲೆ ಇನ್ನೂ ಕಡಿಮೆ. ಬೇಗ ಕಳಿಸಿದರೆ ನಷ್ಟವಿಲ್ಲ, ನಿಜವಾಗಿ ಇರಬೇಕಾದ ರೋಗಿಯನ್ನು ಇಟ್ಟುಕೊಂಡರೆ ಪೂರ್ತಿ ಮುಳುಗುವುದೂ ಇಲ್ಲ. ನಮ್ಮ ಐಸಿಯು ದರಕ್ಕೆ ಈ ಇಳಿಜಾರು ತಂದರೆ, ಎಚ್‌ಡಿಯು ದರವನ್ನು ಸ್ವಲ್ಪ ಏರಿಸಿದರೆ ಆ 5,200ರ ನೆಗೆತ ತಾನಾಗಿ ಕರಗುತ್ತದೆ. ಜತೆಗೆ ಕ್ಲೇಮ್ ಹಣ ಸಮಯಕ್ಕೆ ಬರಬೇಕು. ಆಯುಷ್ಮಾನ್ ಭಾರತ್ ನಿಯಮದ ಪ್ರಕಾರ ರಾಜ್ಯದೊಳಗಿನ ಕ್ಲೇಮಿಗೆ 15 ದಿನ. ತಿಂಗಳುಗಟ್ಟಲೆ ತಡವಾದರೆ ಸಣ್ಣ ಆಸ್ಪತ್ರೆ ಔಷಧ ಅಂಗಡಿಯ ಬಾಕಿ, ಸಿಬ್ಬಂದಿ ಸಂಬಳ ನೋಡಿಕೊಂಡು ಯೋಜನೆಯ ಬೆಡ್‌ಗಳನ್ನು ಕಡಿಮೆ ಮಾಡುತ್ತದೆ, ದುಬಾರಿ ಕೇಸುಗಳನ್ನು ಮೊದಲು ಬಿಡುತ್ತದೆ.

ಆಯುಷ್ಮಾನ್ ಭಾರತ್‌ನಲ್ಲೂ ಡಿಆರ್‌ಜಿಯ ಪ್ರಾಯೋಗಿಕ ಪ್ರಯತ್ನಕ್ಕೆ ಕೇರಳ, ಮಹಾರಾಷ್ಟ್ರ, ಛತ್ತೀಸ್‌ಗಢ, ಹರಿಯಾಣ, ಮೇಘಾಲಯಗಳನ್ನು ಆರಿಸಲಾಗಿತ್ತು. ಕರ್ನಾಟಕದ ಆಸ್ಪತ್ರೆಗಳು ಸರದಿ ಬರುವ ತನಕ ಸುಮ್ಮನೆ ಕೂರಬೇಕಿಲ್ಲ. ಇವತ್ತಿನ ಡಿಸ್ಚಾರ್ಜ್ ಸಮ್ಮರಿಗಳಲ್ಲಿ ಮುಖ್ಯ ಕಾಯಿಲೆಯೊಂದನ್ನೇ ಬರೆದು ಬಿಡುವುದು ರೂಢಿ. ಸಕ್ಕರೆ ಎಷ್ಟಿತ್ತು, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ರಕ್ತ ಪರೀಕ್ಷೆ) ಎಲ್ಲಿಗೆ ಏರಿತ್ತು, ಹಿಮೋಗ್ಲೋಬಿನ್ ಎಷ್ಟಕ್ಕೆ ಇಳಿದಿತ್ತು, ಎಷ್ಟು ಗಂಟೆ ವೆಂಟಿಲೇಟರ್‌ನಲ್ಲಿದ್ದರು ಎಂಬ ವಿವರಗಳು ಕೇಸ್‌ಶೀಟ್‌ನಲ್ಲಿ ಇರುತ್ತವೆ, ಸಮ್ಮರಿಗೆ ಬರುವುದಿಲ್ಲ. ಜತೆಗಿರುವ ಕಾಯಿಲೆಗಳನ್ನು ಪುರಾವೆಯೊಂದಿಗೆ ಬರೆದರೆ ಮಾತ್ರ ಭಾರದ ರೋಗಿಗೆ ಭಾರದ ಹಣ ಸಿಗುತ್ತದೆ, ಅವರನ್ನು ಇನ್ನೊಂದು ಆಸ್ಪತ್ರೆಗೆ ಸಾಗಹಾಕುವ ಕಾರಣ ಕಡಿಮೆಯಾಗುತ್ತದೆ. ರೋಗಿಯ ಮನೆಯವರಿಗೂ ಇದರಿಂದ ಉಪಯೋಗವಿದೆ: ಸಮ್ಮರಿಗೆ ಸಹಿ ಹಾಕಿಸಿಕೊಳ್ಳುವ ಮೊದಲು ಬಿಪಿ, ಶುಗರ್, ಕಿಡ್ನಿ ಎಲ್ಲ ಅದರಲ್ಲಿ ಬಂದಿದೆಯೇ ಎಂದು ನೋಡಿ, ಬಿಟ್ಟುಹೋಗಿದ್ದರೆ ಅಲ್ಲೇ ಸೇರಿಸಿಸಿ. ಡಿಸ್ಚಾರ್ಜ್ ಆಗಿ ವಾರದ ಮೇಲೆ ಹೋದರೆ ಅದೇ ತಿದ್ದುಪಡಿಗೆ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಟ್ಟು ಕಾಯಬೇಕಾಗುತ್ತದೆ.